ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ಕತ್ತಿಯೂ

ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಕ್ಕೆ ಅನಾದಿಯಿಂದ ಅಂಟಿಕೊಂಡು ಬಂದಿವೆಯೆಂದು ಜಿನಾಗಮವು ತಿಳಿಸುತ್ತದೆ. ಇವುಗಳಲ್ಲಿ ಆಹಾರ, ಮೈಥುನ, ಪರಿಗ್ರಹಗಳನ್ನು ಆಧರಿಸಿ ವ್ಯಾಪಾರ ನಡೆಯುವುದು ಹಳೆಯ ಸಂಗತಿ. ಭಯವನ್ನೇ ಸರಕನ್ನಾಗಿ ಮಾಡಿ, ಅದಕ್ಕೆ ಟಿಕೆಟಿನ ದರ ಕಟ್ಟಿ ಮಾರುವ ವ್ಯಾಪಾರವನ್ನು ಬೃಹತ್ತಾಗಿ ಬೆಳೆಸಿದುದು ಇಪ್ಪತ್ತನೆಯ ಶತಮಾನದ ಚಲನಚಿತ್ರೋದ್ಯಮ. ಆ ವ್ಯಾಪಾರದ ಒಂದು ಶಾಖೆಗೆ ‘ಸ್ಲ್ಯಾಶರ್’ ಎಂದು ಹೆಸರು. ಮುಖವಾಡ ಧರಿಸಿದ ಒಬ್ಬ ಕೊಲೆಗಾರ, ಹಿರಿಯರಿಲ್ಲದ ಒಂದು ಮನೆ ಅಥವಾ ಶಿಬಿರ, ಒಂದು ರಾತ್ರಿ, ಹರಿತವಾದ ಆಯುಧಕ್ಕೆ ಒಬ್ಬೊಬ್ಬರಾಗಿ ಬಲಿಯಾಗುವ ತರುಣ ತರುಣಿಯರು, ಕೊನೆಗೆ ಬದುಕುಳಿಯುವ ಒಬ್ಬ ಹುಡುಗಿ, ಇಷ್ಟೇ ಅದರ ಸಾಮಗ್ರಿ.

ಇಂತಹ ಚಿತ್ರಗಳ ವಿಚಾರ ಶ್ರಾವಕರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂದು ಕಾಲೇಜುಗಳಲ್ಲಿ ಚಲನಚಿತ್ರವನ್ನು ಪಠ್ಯವಾಗಿ ಓದುವ ಮಕ್ಕಳಿದ್ದಾರೆ. ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಹತ್ತು ನಿಮಿಷದ ಕಿರುಚಿತ್ರವನ್ನು ತೆಗೆಯುವ ಮಕ್ಕಳಿದ್ದಾರೆ. ಅಂತಹವರಿಗೆ ಈ ಪ್ರಕಾರವು ಸುಲಭವಾಗಿ ಕೈಗೆಟುಕುತ್ತದೆ. ಒಂದು ಮನೆ, ಮೂರು ನಾಲ್ಕು ಗೆಳೆಯರು, ಒಂದು ಮುಖವಾಡ ಇದ್ದರೆ ಕೆಲಸ ಆರಂಭವಾಗುತ್ತದೆ. ಜೈನ ಮನೆಗಳ ಮಕ್ಕಳು ಇದಕ್ಕೆ ಹೊರತಲ್ಲ. ಮಗನೋ ಮಗಳೋ ಇಂತಹ ಕಥೆಯನ್ನು ಮುಂದಿಟ್ಟಾಗ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆಯದು. ‘ಇದು ಹಿಂಸೆ, ಇದನ್ನು ಬಿಡು’ ಎನ್ನುವವರು ಕೆಲವರು. ‘ಬರಿಯ ಬಣ್ಣದ ನೀರು, ಇದರಲ್ಲಿ ಏನಿದೆ?’ ಎನ್ನುವವರು ಹಲವರು. ಈ ಎರಡು ಉತ್ತರಗಳಲ್ಲಿ ಯಾವುದೂ ಚಿತ್ರವನ್ನು ನೋಡಿ ಹೇಳಿದ ಉತ್ತರವಲ್ಲ. ಈ ಪ್ರಕಾರದ ಸಂಪ್ರದಾಯಗಳು ಎಲ್ಲಿಂದ ಬಂದವು, ಅವು ನೋಡುವವನ ಪರಿಣಾಮಗಳನ್ನು ಯಾವ ಕಡೆಗೆ ಒಯ್ಯುತ್ತವೆ ಎಂಬುದನ್ನು ಪರಿಶೀಲಿಸಿದ ಮೇಲೆಯೇ ತೀರ್ಮಾನ ನ್ಯಾಯವಾದೀತು.

ಬಂಡವಾಳವೇ ರೂಪಿಸಿದ ಸಂಪ್ರದಾಯ

ಈ ಪ್ರಕಾರದ ಬೇರು 1960ರಲ್ಲಿದೆ. ಆ ವರ್ಷ ಆಲ್‌ಫ್ರೆಡ್ ಹಿಚ್‌ಕಾಕ್ ‘ಸೈಕೋ’ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ತೆಗೆದನು. ಸ್ನಾನಗೃಹದಲ್ಲಿ ನಾಯಕಿಯ ಕೊಲೆಯಾಗುವ ದೃಶ್ಯ ತೆರೆಯ ಮೇಲೆ ಸುಮಾರು 45 ಸೆಕೆಂಡು ಮಾತ್ರ. ಅದರ ಚಿತ್ರೀಕರಣಕ್ಕೆ ಹಿಡಿದುದು ಏಳು ದಿನ. ರಕ್ತವೆಂದು ಕಾಣುವುದು ಚಾಕೊಲೇಟಿನ ಪಾಕ. ಕತ್ತಿಯು ದೇಹವನ್ನು ಹೊಕ್ಕುದನ್ನು ಕಂಡೆವೆಂದು ಪ್ರೇಕ್ಷಕರು ನಂಬುತ್ತಾರೆ. ಆದರೆ ಆ ಭಾವನೆಯನ್ನು ಹುಟ್ಟಿಸುವುದು ತುಣುಕು ತುಣುಕಾದ ಚಿತ್ರಗಳ ಜೋಡಣೆ ಮತ್ತು ಬರ್ನಾರ್ಡ್ ಹರ್ಮನ್‌ನ ತಂತಿವಾದ್ಯಗಳ ಕಿರುಚು. ಕೊಲೆಯ ಬಹುಭಾಗ ನಡೆಯುವುದು ನೋಡುವವನ ಮನಸ್ಸಿನಲ್ಲಿ. ಈ ಮಾತನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

1974ರಲ್ಲಿ ಕೆನಡಾದಲ್ಲಿ ತಯಾರಾದ ‘ಬ್ಲ್ಯಾಕ್ ಕ್ರಿಸ್ಮಸ್’ ಚಿತ್ರವು ಒಂದು ಮನೆ, ಹಬ್ಬದ ದಿನ, ಅಪರಿಚಿತನ ದೂರವಾಣಿ ಕರೆ ಎಂಬ ಅಂಶಗಳನ್ನು ಕೂಡಿಸಿತು. 1978ರಲ್ಲಿ ಬಂದ ಜಾನ್ ಕಾರ್ಪೆಂಟರ್‌ನ ‘ಹಾಲೋವೀನ್’ ಈ ಎಲ್ಲವನ್ನೂ ಒಂದು ಅಚ್ಚಿಗೆ ಹೊಯ್ದಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಕಲಿತಿದ್ದ ಕಾರ್ಪೆಂಟರ್ ಮತ್ತು ಸಹಲೇಖಕಿ ಡೆಬ್ರಾ ಹಿಲ್ ಅವರ ಕೈಯಲ್ಲಿದ್ದುದು ಮೂರು ಲಕ್ಷ ಡಾಲರಿನ ಆಸುಪಾಸಿನ ಹಣ. ಕೊಲೆಗಾರನ ಮುಖವಾಡವೆಂದರೆ ಅಂಗಡಿಯಲ್ಲಿ ಎರಡು ಡಾಲರಿಗಿಂತ ಕಡಿಮೆ ಬೆಲೆಗೆ ಕೊಂಡುತಂದ, ದೂರದರ್ಶನದ ಪ್ರಸಿದ್ಧ ಧಾರಾವಾಹಿಯೊಂದರ ಪಾತ್ರದ ಮುಖವಾಡ. ಅದಕ್ಕೆ ಬಿಳಿಯ ಬಣ್ಣ ಬಳಿದು ಕಣ್ಣಿನ ತೂತುಗಳನ್ನು ಹಿಗ್ಗಿಸಲಾಯಿತು. ಕಥೆ ಶರತ್ಕಾಲದಲ್ಲಿ ನಡೆಯುತ್ತದೆ, ಚಿತ್ರೀಕರಣ ನಡೆದುದು ವಸಂತದಲ್ಲಿ; ಆದುದರಿಂದ ಎಲೆಗಳಿಗೆ ಬಣ್ಣ ಬಳಿದು ಬೀದಿಯಲ್ಲಿ ಹರಡಿ, ದೃಶ್ಯ ಮುಗಿದ ಮೇಲೆ ಆರಿಸಿಕೊಂಡು ಮತ್ತೆ ಬಳಸಿದರು. ಸಂಗೀತವನ್ನು ಕಾರ್ಪೆಂಟರ್ ತಾನೇ ರಚಿಸಿದನು. ಇಷ್ಟು ಮಿತವ್ಯಯದಲ್ಲಿ ಸಿದ್ಧವಾದ ಚಿತ್ರವು ಅಮೆರಿಕ ಒಂದರಲ್ಲಿಯೇ ಸುಮಾರು 4 ಕೋಟಿ 70 ಲಕ್ಷ ಡಾಲರ್ ಗಳಿಸಿತು.

ಹಾಕಿದ ಒಂದಕ್ಕೆ ನೂರಕ್ಕೂ ಮಿಕ್ಕಿ ಬಂದ ಲಾಭವನ್ನು ಕಂಡ ಪೇಟೆ ಸುಮ್ಮನಿರುವುದಿಲ್ಲ. ಷಾನ್ ಕನಿಂಗ್‌ಹ್ಯಾಮ್ ಎಂಬ ನಿರ್ಮಾಪಕನು ಚಿತ್ರಕಥೆ ಸಿದ್ಧವಾಗುವ ಮೊದಲೇ ಹೆಸರನ್ನು ಮಾತ್ರ ಹಾಕಿ ಜಾಹೀರಾತು ಕೊಟ್ಟನು. ಹಾಗೆ ಹುಟ್ಟಿದ ‘ಫ್ರೈಡೇ ದ ಥರ್ಟೀನ್ತ್’ 1980ರಲ್ಲಿ ತೆರೆಗೆ ಬಂದಿತು. ಸರಕಿಗಿಂತ ಮೊದಲು ಚೀಟಿ ಅಂಟಿಸುವ ಈ ರೀತಿಯು ವರ್ತಕರಿಗೆ ಅಪರಿಚಿತವಲ್ಲ. ಮುಂದಿನ ನಾಲ್ಕೈದು ವರ್ಷ ಇದೇ ಅಚ್ಚಿನ ಚಿತ್ರಗಳು ಸಾಲುಗಟ್ಟಿ ಬಂದವು. ಈ ಪ್ರಕಾರದ ‘ನಿಯಮ’ಗಳೆಂದು ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಳ್ಳುವ ಎಷ್ಟೋ ಅಂಶಗಳು ಕಲೆಯ ಅಗತ್ಯದಿಂದ ಹುಟ್ಟಿದವುಗಳಲ್ಲ. ಒಂದೇ ಮನೆ, ಒಂದೇ ರಾತ್ರಿ, ಹೆಸರಾಂತ ನಟರ ಅಭಾವ, ಮುಖವಾಡ ಇವೆಲ್ಲ ಖರ್ಚಿನ ಪುಸ್ತಕದಿಂದ ಹುಟ್ಟಿದವು. ಖರ್ಚಿಗಾಗಿ ಒಪ್ಪಿಕೊಂಡುದನ್ನು ಶಾಸ್ತ್ರವೆಂದು ತಿಳಿಯುವುದು ಕಲಿಯುವವನಿಗೆ ತಕ್ಕುದಲ್ಲ.

ಏಳು ಭಯಗಳಲ್ಲಿ ಐದು

ಸಮ್ಯಗ್ದೃಷ್ಟಿಯಾದವನು ಏಳು ಭಯಗಳಿಂದ ಮುಕ್ತನೆಂದು ಆಚಾರ್ಯರು ವಿವರಿಸಿದ್ದಾರೆ: ಇಹಲೋಕ ಭಯ, ಪರಲೋಕ ಭಯ, ಅತ್ರಾಣ ಭಯ, ಅಗುಪ್ತಿ ಭಯ, ಮರಣ ಭಯ, ವೇದನಾ ಭಯ, ಆಕಸ್ಮಿಕ ಭಯ. ಸ್ಲ್ಯಾಶರ್ ಚಿತ್ರದ ಸಂಪ್ರದಾಯಗಳನ್ನು ಈ ಪಟ್ಟಿಯೊಡನೆ ಹೋಲಿಸಿದರೆ ಅವುಗಳ ಕಟ್ಟಡ ಸ್ಪಷ್ಟವಾಗುತ್ತದೆ. ಕರೆದರೂ ಯಾರೂ ಬಾರದಿರುವುದು ಅತ್ರಾಣ. ‘ಹಾಲೋವೀನ್’ನಲ್ಲಿ ನಾಯಕಿ ಲೋರಿ ನೆರೆಮನೆಯ ಬಾಗಿಲನ್ನು ಬಡಿದು ಕೂಗುತ್ತಾಳೆ, ಒಳಗೆ ದೀಪ ಹತ್ತುತ್ತದೆ, ಮತ್ತೆ ಆರುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಅಡಗಿದ ಸ್ಥಳವು ಕಾಪಾಡದಿರುವುದು ಅಗುಪ್ತಿ. ಅವಳು ಬಟ್ಟೆಯ ಬೀರುವಿನೊಳಗೆ ಅಡಗಿದಾಗ ಅದರ ಪಟ್ಟಿ ಬಾಗಿಲು ಮುರಿದು ಬೀಳುತ್ತದೆ. ಮರಣ ಮತ್ತು ವೇದನೆ ಕತ್ತಿಯ ತುದಿಯಲ್ಲಿವೆ. ಚೌಕಟ್ಟಿನ ಅಂಚಿನಿಂದ ಕೈಯೊಂದು ತಟ್ಟನೆ ಚಾಚಿದಾಗ ಸಂಗೀತ ಸಿಡಿಯುವುದು ಆಕಸ್ಮಿಕ.

ಉಳಿದ ಎರಡು ಈ ಚಿತ್ರಗಳಲ್ಲಿ ಕಾಣುವುದಿಲ್ಲ. ಇಹಲೋಕದ ಜೀವನ ಹೇಗೆ ನಡೆದೀತೆಂಬ ಚಿಂತೆ ಅಲ್ಲಿನ ಯಾರಿಗೂ ಇಲ್ಲ. ಸತ್ತವನ ಗತಿ ಏನೆಂಬ ಪ್ರಶ್ನೆಯನ್ನು ಯಾವ ಪಾತ್ರವೂ ಕೇಳುವುದಿಲ್ಲ. ವೇದನೆಯ ಭಯವನ್ನು ಇಷ್ಟು ಕುಶಲವಾಗಿ ಬಡಿದೆಬ್ಬಿಸುವ ಕಲೆಯು ಸತ್ತ ಮೇಲೆ ಉಳಿಯುವ ಪ್ರಶ್ನೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಶರೀರದ ಭಯ ಪೂರ್ತಿಯಾಗಿ ಇದೆ, ಆತ್ಮದ ವಿಚಾರ ಸೊನ್ನೆಯಾಗಿದೆ. ಇದು ಈ ಪ್ರಕಾರದ ಮೊದಲ ಕೊರತೆ.

ಬಣ್ಣದ ನೀರೆಂಬ ಸಮಾಧಾನ

ಇನ್ನು ‘ಬರಿಯ ಬಣ್ಣದ ನೀರು’ ಎಂಬ ಮಾತನ್ನು ನೋಡಬೇಕು. ಕನ್ನಡ ಜೈನರಿಗೆ ಈ ಮಾತು ಹೊಸದಲ್ಲ. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯ ಹೃದಯವೇ ಈ ಪ್ರಶ್ನೆ. ತಾಯಿ ಚಂದ್ರಮತಿಯು ದುಃಸ್ವಪ್ನದ ಶಾಂತಿಗಾಗಿ ಚಂಡಮಾರಿಗೆ ಬಲಿ ಕೊಡಬೇಕೆನ್ನುತ್ತಾಳೆ. ಅಹಿಂಸೆಯನ್ನು ಬಲ್ಲ ಯಶೋಧರನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುವ ಸಂಧಾನವಾಗುತ್ತದೆ. ಹಿಟ್ಟಿಗೆ ಜೀವವಿಲ್ಲ, ಆದುದರಿಂದ ಹಿಂಸೆಯಿಲ್ಲ ಎಂಬ ಲೆಕ್ಕ ಅದು. ಆ ಲೆಕ್ಕ ತಪ್ಪಿತು. ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ಬಿದ್ದು ನೊಂದರು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಇದೇ ಕಥೆಯನ್ನು ಆಧಾರವಾಗಿ ತೆಗೆದುಕೊಂಡರು.

ಹಾಗಾದರೆ ತೆರೆಯ ಮೇಲೆ ಕೊಲೆಯನ್ನು ಅಭಿನಯಿಸುವ ಪ್ರತಿಯೊಬ್ಬನೂ ಯಶೋಧರನ ಪಾಪಕ್ಕೆ ಪಾಲುದಾರನೇ? ಅವಸರದಲ್ಲಿ ಹೌದೆನ್ನಲಾಗದು. ಹಾಗೆಂದರೆ ಬಲಿಪೀಠವನ್ನೂ ಕತ್ತಿಯನ್ನೂ ಘೋರವಾಗಿ ವರ್ಣಿಸಿದ ಜನ್ನನೂ ಪಾಲುದಾರನಾಗಬೇಕಾಗುತ್ತದೆ. ಯಶೋಧರನ ದೋಷವು ಹಿಟ್ಟಿನಲ್ಲಿ ಇರಲಿಲ್ಲ, ಸಂಕಲ್ಪದಲ್ಲಿತ್ತು. ಕೋಳಿಯನ್ನು ಕೊಂದು ಫಲ ಪಡೆಯುವ ಭಾವ ಅಲ್ಲಿತ್ತು. ಹಿಟ್ಟು ಆ ಭಾವಕ್ಕೆ ಹೊದಿಸಿದ ಬಟ್ಟೆ ಮಾತ್ರ. ಕೊಲೆಯನ್ನು ವರ್ಣಿಸುವ ಕವಿಯೂ ಅಭಿನಯಿಸುವ ನಟನೂ ಅದರ ಫಲವನ್ನು ಬಯಸುವುದಿಲ್ಲ. ಪ್ರಾಣಹರಣಕ್ಕೆ ಮೂಲವಾದ ಪ್ರಮಾದ ಮತ್ತು ಕಷಾಯಗಳನ್ನೇ ಹಿಂಸೆಯ ತಿರುಳೆಂದು ಉಮಾಸ್ವಾಮಿಗಳೂ ಅಮೃತಚಂದ್ರಾಚಾರ್ಯರೂ ಗುರುತಿಸಿದ್ದಾರೆ. ಆದುದರಿಂದ ಪ್ರಶ್ನೆಯು ರಕ್ತ ನಿಜವೋ ಸುಳ್ಳೋ ಎಂಬುದಲ್ಲ. ಆ ಸುಳ್ಳು ರಕ್ತದ ಮುಂದೆ ನೋಡುವವನ ಮನಸ್ಸು ಏನು ಮಾಡುತ್ತದೆ ಎಂಬುದು ಪ್ರಶ್ನೆ.

ಇದಕ್ಕೆ ಶಾಸ್ತ್ರದಲ್ಲಿ ಸೂಕ್ಷ್ಮವಾದ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು, ಗುಣಿಸಿದರೆ 108. ಜಪಮಾಲೆಯ 108 ಮಣಿಗಳು ಈ ಆಸ್ರವದ್ವಾರಗಳನ್ನು ನೆನಪಿಸುತ್ತವೆಂದು ಪರಂಪರೆಯಲ್ಲಿ ಹೇಳುತ್ತಾರೆ. ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕನು ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ. ಆದರೆ ಅನುಮತದ ಬಾಗಿಲು ಅವನ ಮುಂದೆ ತೆರೆದೇ ಇದೆ. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದು ಹಿಂಸಾನಂದ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ವಧಬಂಧನಗಳನ್ನು ಮನಸ್ಸಿನಲ್ಲಿಯೇ ಚಿಂತಿಸುವ ಅಪಧ್ಯಾನವನ್ನೂ, ಚಿತ್ತವನ್ನು ಕಲುಷಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನೂ ಹೆಸರಿಸಿದ್ದಾರೆ. ಕೊಲೆಯನ್ನು ಕಂಡು ಹೆದರುವುದು ಒಂದು, ಮುಂದಿನ ಕೊಲೆ ಯಾವಾಗ, ಯಾವ ಹೊಸ ಆಯುಧದಿಂದ ಎಂದು ಕಾತರಿಸುವುದು ಇನ್ನೊಂದು. ಮೊದಲನೆಯದು ಭಯ; ಎರಡನೆಯದು ಆನಂದ. ಚಿತ್ರದ ಗುಣದೋಷವನ್ನು ಇಲ್ಲಿಯೇ ಅಳೆಯಬೇಕು.

ಕ್ಯಾಮೆರಾ ಯಾರ ಕಣ್ಣು?

ಈ ಅಳತೆಗೆ ಕೈಗೆ ಸಿಗುವ ಮೊದಲ ಸಾಧನವೆಂದರೆ ಕ್ಯಾಮೆರಾದ ಸ್ಥಾನ. ‘ಹಾಲೋವೀನ್’ ಆರಂಭವಾಗುವುದು ಸುಮಾರು ನಾಲ್ಕು ನಿಮಿಷಗಳ ಒಂದು ಅಖಂಡವೆನಿಸುವ ದೃಶ್ಯದಿಂದ. 1963ರ ಹಬ್ಬದ ರಾತ್ರಿ ಯಾರೋ ಮನೆಯನ್ನು ಸುತ್ತಿ, ಅಡುಗೆಮನೆಯಿಂದ ಚಾಕು ತೆಗೆದುಕೊಂಡು, ಮುಖವಾಡ ಧರಿಸಿ, ಮೆಟ್ಟಿಲೇರಿ ತರುಣಿಯೊಬ್ಬಳನ್ನು ಇರಿಯುತ್ತಾರೆ. ಎಲ್ಲವೂ ಕೊಲೆಗಾರನ ಕಣ್ಣಿನಿಂದಲೇ ಕಾಣುತ್ತದೆ. ಮುಖವಾಡದ ಎರಡು ತೂತುಗಳ ಮೂಲಕ ಪ್ರೇಕ್ಷಕನೂ ನೋಡುತ್ತಾನೆ. ಹೊರಗೆ ಬಂದಾಗ ತಂದೆ ಆ ಮುಖವಾಡವನ್ನು ಕಿತ್ತು ತೆಗೆಯುತ್ತಾನೆ. ಕೈಯಲ್ಲಿ ಚಾಕು ಹಿಡಿದು ನಿಂತವನು ಆರು ವರ್ಷದ ಬಾಲಕ, ಸತ್ತವಳು ಅವನ ಅಕ್ಕ. ಇಷ್ಟು ಹೊತ್ತು ತಾನು ಯಾರ ಕಣ್ಣಿನಲ್ಲಿ ಕುಳಿತಿದ್ದೆನೆಂಬುದು ಪ್ರೇಕ್ಷಕನಿಗೆ ಆಗ ಅರಿವಾಗುತ್ತದೆ. ಆ ಅರಿವಿನಲ್ಲಿ ನಾಚಿಕೆಯಿದೆ. ಅನುಮತದ ಬಾಗಿಲನ್ನು ತೆರೆದ ನಿರ್ದೇಶಕನು ಅದರ ಮುಂದೆ ಒಂದು ಕನ್ನಡಿಯನ್ನೂ ನಿಲ್ಲಿಸಿದ್ದಾನೆ. ಈ ಚಿತ್ರದಲ್ಲಿ ರಕ್ತ ಬಹಳ ವಿರಳವೆಂಬುದೂ ಗಮನಾರ್ಹ.

ಈ ಕನ್ನಡಿಯನ್ನು ಇನ್ನೂ ನಿರ್ದಾಕ್ಷಿಣ್ಯವಾಗಿ ಹಿಡಿದುದು 1960ರ ಬ್ರಿಟಿಷ್ ಚಿತ್ರ ‘ಪೀಪಿಂಗ್ ಟಾಮ್’. ಮೈಕೇಲ್ ಪವೆಲ್ ನಿರ್ದೇಶಿಸಿದ ಈ ಚಿತ್ರದ ಕೊಲೆಗಾರನು ಒಬ್ಬ ಛಾಯಾಗ್ರಾಹಕ. ಕ್ಯಾಮೆರಾದ ಮುಕ್ಕಾಲಿಯಲ್ಲಿ ಅಡಗಿಸಿದ ಅಲಗಿನಿಂದ ಕೊಲ್ಲುತ್ತ, ಸಾಯುವವರ ಭಯವನ್ನು ಚಿತ್ರೀಕರಿಸಿ, ಆಮೇಲೆ ಕುಳಿತು ನೋಡುತ್ತಾನೆ. ಬಾಲ್ಯದಲ್ಲಿ ಅವನ ತಂದೆಯೇ ಭಯದ ಮೇಲೆ ಪ್ರಯೋಗ ನಡೆಸಲು ಅವನನ್ನು ಬಳಸಿಕೊಂಡಿದ್ದನು. ನೋಡುವುದೇ ಒಂದು ಕ್ರೌರ್ಯವಾಗಬಲ್ಲದೆಂದು ನೋಡುವವರ ಮುಖಕ್ಕೆ ಹೇಳಿದ ಈ ಚಿತ್ರವನ್ನು ಅಂದಿನ ಬ್ರಿಟಿಷ್ ವಿಮರ್ಶಕರು ಕಟುವಾಗಿ ಖಂಡಿಸಿದರು. ಪವೆಲ್‌ನ ವೃತ್ತಿಜೀವನಕ್ಕೆ ಭಾರಿ ಪೆಟ್ಟು ಬಿದ್ದಿತು. ಬಹುಕಾಲದ ಮೇಲೆ ಅದರ ಬೆಲೆ ತಿಳಿಯಿತು.

ಅನುಕರಣೆಗಳಲ್ಲಿ ಉಳಿದುದು ಕಣ್ಣಿನ ತೂತು ಮಾತ್ರ, ಕನ್ನಡಿಯಲ್ಲ. ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಕೊಲೆಗಾರರ ಕಣ್ಣಿನಿಂದ ನೋಡುವ ದೃಶ್ಯಗಳು ಗುರುತನ್ನು ಮುಚ್ಚಿಡುವ ಉಪಾಯವಾಗಿವೆ, ಟಾಮ್ ಸವಿನಿ ಎಂಬ ಕುಶಲಿಯು ಮಾಡಿದ ಗಾಯಗಳ ಮೇಲೆ ಕ್ಯಾಮೆರಾ ನಿಂತು ನೋಡುತ್ತದೆ. ಭಯಾನಕವು ಬೀಭತ್ಸಕ್ಕೆ ಇಳಿಯಿತು. ಅಮೆರಿಕದ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1980ರಲ್ಲಿಯೇ ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಇಂತಹ ಚಿತ್ರಗಳು ಪ್ರೇಕ್ಷಕನನ್ನು ಕೊಲೆಗಾರನ ಪಕ್ಷಕ್ಕೆ ಸೇರಿಸುತ್ತವೆಂದು ಆಕ್ಷೇಪಿಸಿದರು. ‘ಹಾಲೋವೀನ್’ ಚಿತ್ರವನ್ನು ಮಾತ್ರ ಅವರು ಬೇರೆಯಾಗಿ ನಿಲ್ಲಿಸಿದರು. ಜೈನ ಪರಿಭಾಷೆಯನ್ನು ಅರಿಯದವರೂ ಅದೇ ಗೆರೆಯನ್ನು ಎಳೆದರೆಂಬುದು ವಿಚಾರಾರ್ಹ.

ತಪ್ಪು ಮಾಡಿದವರು ಸಾಯುವರೆಂಬ ನಿಯಮ

ಈ ಚಿತ್ರಗಳನ್ನು ಸಮರ್ಥಿಸುವವರು ಕೆಲವೊಮ್ಮೆ ನೀತಿಯ ಮಾತನ್ನೇ ಮುಂದಿಡುತ್ತಾರೆ. ಕುಡಿದವರು, ಮಾದಕ ವಸ್ತು ಸೇವಿಸಿದವರು, ಮದುವೆಗೆ ಮೊದಲೇ ಸಂಯಮ ತಪ್ಪಿದವರು ಸಾಯುತ್ತಾರೆ, ಶೀಲವತಿ ಬದುಕುತ್ತಾಳೆ, ಇದರಿಂದ ಮಕ್ಕಳಿಗೆ ಪಾಠವಲ್ಲವೇ ಎಂದು. 1996ರ ‘ಸ್ಕ್ರೀಮ್’ ಚಿತ್ರದಲ್ಲಿ ಪಾತ್ರವೊಂದು ಈ ನಿಯಮಗಳನ್ನು ಪಟ್ಟಿಯಾಗಿ ಒಪ್ಪಿಸುವಷ್ಟು ಅವು ಪ್ರಸಿದ್ಧವಾಗಿವೆ. ಶ್ರಾವಕರು ಈ ವಾದಕ್ಕೆ ಮರುಳಾಗಬಾರದು. ಕರ್ಮವು ಜೀವನ ಸ್ವಂತ ಭಾವಗಳಿಂದ ಬಂಧಿಸಲ್ಪಟ್ಟು ಸ್ವಂತ ಕಾಲದಲ್ಲಿ ಉದಯಕ್ಕೆ ಬರುವಂಥದು. ಮುಖವಾಡ ಧರಿಸಿದವನೊಬ್ಬನು ಅದರ ಅಮಲ್ದಾರನಾಗಿ ಬರುವುದಿಲ್ಲ. ಎಳೆಯ ವಯಸ್ಸಿನ ಸಣ್ಣ ಚಾಪಲ್ಯಕ್ಕೆ ಮರಣವೇ ಶಿಕ್ಷೆಯೆಂದು ನೋಡಿ ತಲೆದೂಗುವವನು ಧರ್ಮವನ್ನು ಕಲಿಯುವುದಿಲ್ಲ, ಪರರ ದಂಡನೆಯಲ್ಲಿ ಸುಖ ಪಡುವುದನ್ನು ಕಲಿಯುತ್ತಾನೆ.

ಕಾರ್ಪೆಂಟರ್ ಸ್ವತಃ ಈ ವ್ಯಾಖ್ಯಾನವನ್ನು ನಿರಾಕರಿಸಿದ್ದಾನೆ. ಲೋರಿಯ ಗೆಳತಿಯರು ಸತ್ತುದು ಅವರು ತಮ್ಮ ಗೆಳೆಯರಲ್ಲಿ ಮಗ್ನರಾಗಿ ಸುತ್ತಲಿನದನ್ನು ಗಮನಿಸದಿದ್ದುದರಿಂದ. ಲೋರಿ ಉಳಿದುದು ಅವಳು ಗಮನಿಸುತ್ತಿದ್ದುದರಿಂದ. ಇದು ಜೈನ ಓದುಗನಿಗೆ ಬೇಗನೆ ಹಿಡಿಸುವ ಮಾತು. ಹಿಂಸೆಯ ಬೇರು ಪ್ರಮಾದವೆಂದು ಕಲಿತವನಿಗೆ ಲೋರಿಯ ಗುಣಕ್ಕೆ ಅಪ್ರಮಾದವೆಂಬ ಹೆಸರು ತಾನಾಗಿಯೇ ತೋಚುತ್ತದೆ.

ಕೊನೆಯಲ್ಲಿ ಉಳಿಯುವ ಈ ಹುಡುಗಿಗೆ ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟವರು ಅಮೆರಿಕದ ವಿದುಷಿ ಕ್ಯಾರಲ್ ಕ್ಲೋವರ್, 1987ರ ಪ್ರಬಂಧವೊಂದರಲ್ಲಿ. ಕೊಲೆಗಾರನ ಕಣ್ಣಿನಿಂದ ಆರಂಭಿಸಿದ ಗಂಡು ಪ್ರೇಕ್ಷಕನೂ ಕೊನೆಯ ಹೊತ್ತಿಗೆ ಈ ಹುಡುಗಿಯ ಪಕ್ಷಕ್ಕೆ ಬಂದು ನಿಲ್ಲುತ್ತಾನೆಂಬುದು ಅವರ ಮುಖ್ಯ ವಾದ. ಈ ಪಕ್ಷಾಂತರವೇ ಈ ಪ್ರಕಾರದ ಒಳ್ಳೆಯ ಅಂಶ. ಅವಳು ಆಯುಧ ಹಿಡಿಯುವುದು ವಿರೋಧೀ ಹಿಂಸೆ. ಗೃಹಸ್ಥನು ತ್ಯಜಿಸಲೇಬೇಕಾದ ಸಂಕಲ್ಪೀ ಹಿಂಸೆಯೊಡನೆ ಅದನ್ನು ಬೆರೆಸಬಾರದು. ಲೋರಿ ಹೆಣಿಗೆಯ ಕಡ್ಡಿಯಿಂದ, ಬಟ್ಟೆ ತೂಗುಹಾಕುವ ತಂತಿಯಿಂದ ತನ್ನನ್ನೂ ತನ್ನ ವಶಕ್ಕೆ ಬಂದ ಇಬ್ಬರು ಮಕ್ಕಳನ್ನೂ ಕಾಪಾಡುತ್ತಾಳೆ. ಕೈಗೆ ಸಿಕ್ಕ ಚಾಕುವನ್ನು ಅವಳು ಮತ್ತೆ ಬೀಳಿಸಿಬಿಡುವುದನ್ನು ಪ್ರೇಕ್ಷಕರು ಮೂರ್ಖತನವೆಂದು ಗೇಲಿ ಮಾಡುತ್ತಾರೆ. ಕೊಲ್ಲುವ ಸಂಕಲ್ಪ ಅವಳಲ್ಲಿ ನೆಲೆಸಲೇ ಇಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಗಿಯದ ವೈರ

ಸತ್ತನೆಂದುಕೊಂಡ ಕೊಲೆಗಾರ ಮತ್ತೆ ಏಳುವುದು ಈ ಪ್ರಕಾರದ ಕೊನೆಯ ಸಂಪ್ರದಾಯ. ‘ಹಾಲೋವೀನ್’ ಹೆಸರಿನಲ್ಲಿ 2022ರವರೆಗೆ 13 ಚಿತ್ರಗಳು ಬಂದಿವೆ. ಭವಭವಗಳಲ್ಲಿ ಬೆಂಬತ್ತುವ ವೈರ ಜೈನ ಪುರಾಣಗಳಿಗೂ ಪರಿಚಿತ. ಕಮಠನು ಮರುಭೂತಿಯ ಜೀವವನ್ನು ಹತ್ತು ಭವಗಳವರೆಗೆ ಹಿಂಬಾಲಿಸಿದನು. ಆದರೆ ಭಗವಾನ್ ಪಾರ್ಶ್ವನಾಥರ ಸಮಭಾವದ ಮುಂದೆ ಆ ವೈರ ಸೋತಿತು. ಆ ಭವಾವಳಿಗೆ ಅಂತ್ಯವಿದೆ. 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಇಂತಹ ಅಂತ್ಯದ ಹತ್ತಿರ ಬಂದಿತ್ತು. ಹಿಂದೆ ತಂದೆತಾಯಿಗಳು ಸೇರಿ ಸುಟ್ಟುಹಾಕಿದ ಕೊಲೆಗಾರನು ಅವರ ಮಕ್ಕಳ ಕನಸಿನಲ್ಲಿ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ನಾಯಕಿ ನ್ಯಾನ್ಸಿ ಕೊನೆಗೆ ಅವನಿಗೆ ಬೆನ್ನು ತಿರುಗಿಸಿ, ತನ್ನ ಭಯವು ಅವನಿಗೆ ಕೊಟ್ಟಿದ್ದ ಬಲವನ್ನು ಹಿಂದಕ್ಕೆ ಪಡೆಯುತ್ತಾಳೆ, ಅವನು ಕರಗಿಹೋಗುತ್ತಾನೆ. ನಿರ್ದೇಶಕ ವೆಸ್ ಕ್ರೇವನ್ ಚಿತ್ರವನ್ನು ಶುಭವಾಗಿ ಮುಗಿಸಲು ಬಯಸಿದ್ದನು. ಮುಂದಿನ ಭಾಗಕ್ಕೆ ಕೊಕ್ಕೆಯೊಂದು ಬೇಕೆಂದು ನಿರ್ಮಾಪಕ ರಾಬರ್ಟ್ ಷೇ ಒತ್ತಾಯಿಸಿದುದರಿಂದ ಕೊಲೆಗಾರ ಮತ್ತೆ ಬಂದನು. 1985ರಲ್ಲಿ ಎರಡನೆಯ ಭಾಗವೂ ಬಂದಿತು. ಭಯ ತೀರಿಹೋದರೆ ಗಿರಾಕಿ ತಪ್ಪಿಹೋಗುವನೆಂಬ ಲೋಭವು ಕಥೆಯ ಧರ್ಮವನ್ನು ತಿರುಚಿದುದಕ್ಕೆ ಇದು ಸ್ಪಷ್ಟವಾದ ನಿದರ್ಶನ.

ಇನ್ನೊಂದು ಹೋಲಿಕೆಯೂ ಅವಶ್ಯ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅಂತಹುದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯಲಿಲ್ಲ, ಆದಿದೇವನಿಗೆ ತಿಳಿಯಿತು, ಅವನು ವಿರಕ್ತನಾದನು. ಸ್ಲ್ಯಾಶರ್ ಚಿತ್ರದ ಕ್ರಮವೂ ಇಂದ್ರನ ಉಪಾಯದಂತೆಯೇ ಇದೆ. ಒಬ್ಬಳು ಸತ್ತೊಡನೆ ಇನ್ನೊಬ್ಬಳನ್ನು ಮುಂದೆ ತಂದು ಪ್ರೇಕ್ಷಕನು ಸಾವನ್ನು ಎಣಿಸದಂತೆ ನೋಡಿಕೊಳ್ಳುತ್ತದೆ. ಸತ್ತವರಿಗಾಗಿ ಅಳುವವರು ಯಾರೂ ಇಲ್ಲ. ಒಂದು ಸಾವನ್ನಾದರೂ ಆದಿದೇವನ ಕಣ್ಣಿನಿಂದ ಕಾಣುವಂತೆ ಮಾಡಿದರೆ ಆ ಚಿತ್ರವು ಈ ಪ್ರಕಾರದ ಗಡಿಯನ್ನು ದಾಟುತ್ತದೆ.

ಕಿರುಚಿತ್ರ ತೆಗೆಯುವವರಿಗೆ, ಅನುಮತಿ ಕೊಡುವವರಿಗೆ

ವಿದ್ಯಾರ್ಥಿಗೆ ದೊಡ್ಡದೊಂದು ಅನುಕೂಲವಿದೆ. ಅವನಿಗೆ ನಿರ್ಮಾಪಕನ ಕಾಟವಿಲ್ಲ, ಎರಡನೆಯ ಭಾಗದ ಹಂಗಿಲ್ಲ. ಹತ್ತು ನಿಮಿಷದಲ್ಲಿ ಆರು ಕೊಲೆಗಳನ್ನು ತುರುಕುವ ಅಗತ್ಯವೂ ಇಲ್ಲ. ಕ್ಯಾಮೆರಾವನ್ನು ಕೊಲೆಗಾರನ ಕಣ್ಣಿನಲ್ಲಿಡುವುದಾದರೆ ಆ ಮುಖವಾಡವನ್ನು ತೆಗೆಯುವ ಹೊಣೆಯೂ ಅವನದೇ. ಇಲ್ಲವಾದರೆ ಕ್ಯಾಮೆರಾ ಹೆದರಿದವರ ಪಕ್ಕದಲ್ಲಿರಲಿ. ಸಾಯುವ ಪಾತ್ರಕ್ಕೆ ಒಂದು ಹೆಸರು, ಅರ್ಧಕ್ಕೆ ನಿಂತ ಒಂದು ಕೆಲಸ, ಕಾದಿರುವ ಒಬ್ಬ ತಾಯಿ ಇರಲಿ. ಗಾಯವನ್ನು ತೋರಿಸದೆಯೇ ಭಯ ಹುಟ್ಟುವುದೆಂಬುದಕ್ಕೆ ‘ಸೈಕೋ’ದ 45 ಸೆಕೆಂಡುಗಳು ಸಾಕು.

ಚಿತ್ರೀಕರಣದಲ್ಲಿಯೂ ವಿವೇಕ ಬೇಕು. ರಾತ್ರಿ ಪ್ರಖರ ದೀಪಗಳನ್ನು ಹೊತ್ತಿಸಿದರೆ ಅಸಂಖ್ಯ ಕೀಟಗಳು ಬಂದು ಸಾಯುತ್ತವೆ. ಸುಳ್ಳು ಸಾವನ್ನು ತೋರಿಸಲು ನಿಜವಾದ ಸಾವುಗಳು ಸಂಭವಿಸುತ್ತವೆ. ‘ಹಾಲೋವೀನ್’ನ ಅತ್ಯಂತ ಭಯಂಕರ ಕ್ಷಣಗಳಲ್ಲಿ ಕೆಲವು ಹಗಲಿನವು: ಬೇಲಿಯ ಪಕ್ಕದಲ್ಲಿ, ಬಟ್ಟೆ ಒಣಗಿಸಿದ ಹಗ್ಗಗಳ ನಡುವೆ ಸುಮ್ಮನೆ ನಿಂತಿರುವ ಒಂದು ಆಕೃತಿ. ಹಗಲಿನಲ್ಲಿಯೇ ತೆಗೆದರೆ ಜೀವದಯೆಯೂ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. ಆಯುಧಗಳು ರಟ್ಟಿನವಾಗಿರಲಿ; ಮುಖವಾಡ ಧರಿಸಿ ಬೀದಿಗೆ ಇಳಿಯುವ ಮೊದಲು ನೆರೆಯವರಿಗೂ ಪೊಲೀಸ್ ಠಾಣೆಗೂ ತಿಳಿಸಿರಲಿ; ನಟಿಸುವ ಹೆಣ್ಣುಮಕ್ಕಳ ಒಪ್ಪಿಗೆಯೂ ಮರ್ಯಾದೆಯೂ ಮೊದಲ ಗಮನವಾಗಿರಲಿ.

ಬಸದಿಗಳ ಟ್ರಸ್ಟಿನವರ ಬಳಿಗೆ ಹಳೆಯ ಮನೆಯನ್ನೋ ಛತ್ರವನ್ನೋ ಕೇಳಿಕೊಂಡು ಮಕ್ಕಳು ಬರಬಹುದು. ಬಸದಿಯ ಆವರಣವನ್ನು ಇಂತಹ ಕೆಲಸಕ್ಕೆ ಕೊಡುವ ಮಾತಿಲ್ಲ. ಉಳಿದ ಕಟ್ಟಡಗಳ ವಿಷಯದಲ್ಲಿ ‘ಆಗದು’ ಎನ್ನುವ ಮೊದಲು ಚಿತ್ರಕಥೆಯನ್ನು ತರಿಸಿ ಓದುವುದು ಉಚಿತ. ಹೆಸರಿನಿಂದ ನಿರಾಕರಿಸಿದರೆ ಮಕ್ಕಳು ಬೇರೆ ಕಡೆ ಹೋಗಿ ತೆಗೆಯುತ್ತಾರೆ. ಆಗ ಅವರೊಡನೆ ಮಾತನಾಡುವ ಅವಕಾಶ ತಪ್ಪಿಹೋಗುತ್ತದೆ. 2023ರ ತಿದ್ದುಪಡಿಯ ಮೇಲೆ ಭಾರತದ ಸಿನಿಮಾ ಕಾನೂನು ಯು/ಎ ವರ್ಗವನ್ನು 7, 13 ಮತ್ತು 16 ವರ್ಷಗಳೆಂದು ವಿಂಗಡಿಸಿದೆ. ಮೊಬೈಲಿನಲ್ಲಿ ಕೈಯಿಂದ ಕೈಗೆ ಹೋಗುವ ಕಿರುಚಿತ್ರಕ್ಕೆ ಅಂತಹ ಚೀಟಿ ಅಂಟಿರುವುದಿಲ್ಲ. ಯಾವ ವಯಸ್ಸಿನವರು ನೋಡಬೇಕೆಂಬ ವಿವೇಕವನ್ನು ಮನೆಯವರೇ ವಹಿಸಬೇಕು.

ಚಿತ್ರಕಥೆಯನ್ನು ಓದುವ ಹಿರಿಯರು ಜನ್ನನ ಕಾವ್ಯದ ಹೊರಚೌಕಟ್ಟನ್ನು ಒಮ್ಮೆ ಮಕ್ಕಳಿಗೆ ಹೇಳಿದರೆ ಉಪಕಾರವಾಗುತ್ತದೆ. ಎಳೆಯ ವಯಸ್ಸಿನ ಅಣ್ಣತಂಗಿಯರಾದ ಅಭಯರುಚಿ ಅಭಯಮತಿಯರನ್ನು ಬಲಿಗಾಗಿ ಹಿಡಿದು ತಂದಿದ್ದಾರೆ, ಮಾರಿದತ್ತನ ಕೈಯಲ್ಲಿ ಕತ್ತಿಯಿದೆ, ಸುತ್ತಲೂ ಕಾಪಾಡುವವರಿಲ್ಲ. ಸ್ಲ್ಯಾಶರ್ ಚಿತ್ರದ ಎಲ್ಲ ಸಾಮಗ್ರಿಯೂ ಅಲ್ಲಿ ಕೂಡಿದೆ. ಆ ಇಬ್ಬರೂ ಓಡುವುದಿಲ್ಲ, ಆಯುಧ ಹಿಡಿಯುವುದಿಲ್ಲ. ತಮ್ಮ ಹಿಂದಿನ ಭವಗಳ ಕಥೆಯನ್ನು ಹೇಳುತ್ತಾರೆ, ರಾಜನು ಕೇಳುತ್ತಾನೆ, ಬಲಿ ನಿಲ್ಲುತ್ತದೆ. ಆ ಸನ್ನಿವೇಶವನ್ನು ಹತ್ತು ನಿಮಿಷದಲ್ಲಿ ತೆಗೆಯಬಲ್ಲ ವಿದ್ಯಾರ್ಥಿಯೊಬ್ಬನು ಬಂದರೆ ಅವನಿಗೆ ಛತ್ರದ ಬೀಗದ ಕೈಯನ್ನು ಕೊಡಲು ಯಾವ ಟ್ರಸ್ಟೂ ಹಿಂಜರಿಯಬೇಕಾಗಿಲ್ಲ.